ಬೈಗುಳ ಬರೆದುಕೊಡುತ್ತಿದ್ದ ಸುಧಾಮಣಿ

ಸುಧಾಮಣಿ ನನ್ನ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದಳು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಇಂಟರ್‌ನೆಟ್ ಸೆಂಟರ್, ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್. ಅವಳ ತವರು ಹರದನಹಳ್ಳಿ. ತಾಯಿ ಚಿಕ್ಕಬಸಮ್ಮ ಕೂಲಿ ಮಾಡಿ ಓದಿಸಿದಳು. ಮಗಳು ಚಾಮರಾಜನಗರಕ್ಕೆ ಬಸ್ಸಲ್ಲಿ ಓಡಾಡಿಕೊಂಡು ಪಿಯುಸಿ ಮುಗಿಸಿ, ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದಳು. ಮದುವೆಯಾಗಿ ನಮ್ಮೂರಿಗೆ ಬಂದಳು. ಗಂಡ ಮಾದೇಶ ತರಕಾರಿ ಲಾರಿ ಡ್ರೈವರ್, ಬಂಡೀಪುರ ದಾಟಿ ಕೇರಳಕ್ಕೆ ಹೋಗಿ ಬರುತ್ತಿದ್ದ.

ಎರಡು ಸಾವಿರದ ಒಂಬತ್ತರಲ್ಲಿ, ಬಂಡೀಪುರದ ರಸ್ತೆಯಲ್ಲಿ ರಾತ್ರಿ ಗಾಡಿ ಓಡಬಾರದು ಅಂತ ಆರ್ಡರ್ ಬಂತು. ಊರು ಎರಡು ಹೋಳಾಯಿತು. ಕಾಡು ಉಳಿಯಲಿ ಅನ್ನುವವರು ಒಂದು ಕಡೆ, ಲಾರಿ ನಿಂತರೆ ಹೊಟ್ಟೆ ಮೇಲೆ ಹೊಡೆದ ಹಾಗೆ ಅನ್ನುವವರು ಇನ್ನೊಂದು ಕಡೆ. ಪಾರ್ಟಿಯವರು ಎರಡು ಕಡೆಗೂ ಸೀಮೆಎಣ್ಣೆ ಸುರಿದರು. ಟೀ ಅಂಗಡಿ ಜಗಳ, ಆಗ ಫೇಸ್‌ಬುಕ್ಕಿನ ಹಾಗೆ ನಡೆಯುತ್ತಿದ್ದ ಆರ್ಕುಟ್‌ಗೆ ಹತ್ತಿತು. ಅಲ್ಲಿ ನಮ್ಮ ತಾಲೂಕಿನ ಹೆಸರಲ್ಲಿ ಒಂದು ಕಮ್ಯುನಿಟಿ ಇತ್ತು. ಎದುರಿಗೆ ಸಿಕ್ಕರೆ ಊಟ ಆಯ್ತಾ ಅಂತ ಕೇಳುವ ಗಂಡಸರು ಅಲ್ಲಿ ಅಪ್ಪ ಅಮ್ಮನನ್ನೂ ಸೇರಿಸಿ ಬೈಯುತ್ತಿದ್ದರು.

ಈ ಶೂರರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕನ್ನಡ ಟೈಪ್ ಮಾಡಲು ಬಾರದು. ನಮ್ಮ ಅಂಗಡಿಗೆ ಬಂದು, ಸುಧಾಮಣಿ ಪಕ್ಕ ಕುರ್ಚಿ ಎಳೆದುಕೊಂಡು, ತಾಲೂಕು ಆಫೀಸಿನ ಅರ್ಜಿ ಬರೆಸಿದ ಹಾಗೆ ಬೈಗುಳ ಬರೆಸುತ್ತಿದ್ದರು. ಅಕೌಂಟ್ ಮಾಡಿಕೊಟ್ಟವಳೂ ಅವಳೇ, ಪಾಸ್‌ವರ್ಡ್ ಇದ್ದದ್ದೂ ಅವಳ ತಲೆಯಲ್ಲೇ. ಬೆಳಿಗ್ಗೆ ಕಾಡಿನ ಪರ ಕಾಲೇಜು ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ, ಮಧ್ಯಾಹ್ನ ಲಾರಿಯವರ ಪರ ತರಕಾರಿ ಮಂಡಿಯ ಯಜಮಾನ ಚಿಕ್ಕಬಸವಯ್ಯ. ಇಬ್ಬರ ವಿಷವೂ ಒಂದೇ ಕೈಯಿಂದ ಹೊರಡುತ್ತಿತ್ತು. ನನಗೇನು, ವ್ಯಾಪಾರ ಆಗುತ್ತಿತ್ತು.

ಕೇಳಿ ಕೇಳಿ ಅವಳಿಗೂ ಒಂದು ಮಾತು ಹೇಳಬೇಕು ಅನ್ನಿಸಿತು. ಸ್ವಂತ ಹೆಸರು ಹಾಕಿದರೆ ಅತ್ತೆ ಮನೆಯಲ್ಲಿ ರಾಮಾಯಣ ಆಗುತ್ತದೆ ಅಂತ ತಾಯಿಯ ಹೆಸರಲ್ಲಿ ಬರೆದಳು. "ರಾತ್ರಿ ಹೊತ್ತು ಕಾಡು ಪ್ರಾಣಿಗಳಿಗೇ ಇರಲಿ. ನಮ್ಮ ಮನೆಯವರೂ ಲಾರಿ ಓಡಿಸುತ್ತಾರೆ. ಒಂದು ಸಲ ಜಿಂಕೆಗೆ ಗುದ್ದಿ ಎರಡು ದಿನ ಅನ್ನ ಬಿಟ್ಟಿದ್ದರು. ಮಂಡಿಯ ಹರಾಜು ಮಧ್ಯಾಹ್ನದ ಬದಲು ಬೆಳಗಿನ ಜಾವ ಶುರುವಾದರೆ ಲಾರಿಗಳು ಹೊತ್ತು ಮುಳುಗುವ ಮೊದಲೇ ಕಾಡು ದಾಟುತ್ತವೆ. ಬೈಯುವ ಮೊದಲು ಯೋಚನೆ ಮಾಡಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸಂಜೆಯೊಳಗೆ ಆ ಚಿಕ್ಕಬಸಮ್ಮ, ಲಾರಿಯವನ ಹೆಂಡತಿ ಅಂತ, ಮೇಷ್ಟ್ರ ಕಡೆಯವರಿಗೆ ಕೇರಳದ ಏಜೆಂಟ್ ಆದಳು, ಮಂಡಿಯವರಿಗೆ ರೈತದ್ರೋಹಿ ಆದಳು. ಮಾರನೇ ದಿನ ಚಿಕ್ಕಬಸವಯ್ಯ ಬಂದು ಕೂತ.

"ಬರ್ಕೊ ಕಣಮ್ಮಿ. ಚಿಕ್ಕಬಸಮ್ಮ ಅನ್ನೋ ಬೇವಾರ್ಸಿಗೆ ಮಂಡಿ ಇಚಾರ ಏನ್ ಗೊತ್ತು? ಓಗಿ ಮುದ್ದೆ ತೊಳಸ್ಲಿ ಅನ್ನು."

ಹೆತ್ತ ತಾಯಿಯ ಹೆಸರಿನ ಪಕ್ಕ ಆ ಮಾತನ್ನು ಅವಳೇ ಟೈಪ್ ಮಾಡಿದಳು. ಮುಖ ಕೆಂಪಗಾಗಿತ್ತು. ನಾನು ಜೆರಾಕ್ಸ್ ಮಿಷನ್ ಕಡೆ ತಿರುಗಿಕೊಂಡೆ.

ಅವನು ಎದ್ದು ಹೋದ ಮೇಲೆ ಅದೇ ಸಿಟ್ಟಿನಲ್ಲಿ ಉತ್ತರ ಹಾಕಿದಳು. ಬೈಗುಳ ಇಲ್ಲ, ಹಿಂದೆ ಹೇಳಿದ್ದನ್ನೇ ಇನ್ನೂ ಬಿಡಿಸಿ ಹೇಳಿದ್ದಳು, ಅಷ್ಟೇ. ಆದರೆ ಅವನ ಅಕೌಂಟ್‌ನಿಂದ ಹೊರಗೆ ಬರುವುದನ್ನು ಮರೆತಿದ್ದಳು. ಮಾತು ಚಿಕ್ಕಬಸವಯ್ಯನ ಹೆಸರಲ್ಲಿ ಹೋಯಿತು.

ಬೆಳಿಗ್ಗೆ ನೋಡಿದರೆ ಹೊಗಳಿಕೆಯೋ ಹೊಗಳಿಕೆ. ಯಜಮಾನರ ತಲೆ ಅಂದರೆ ತಲೆ ಅಂತ ಮಂಡಿಯವರು. ಒಪ್ಪತಕ್ಕ ಮಾತು ಅಂತ ಮೇಷ್ಟ್ರು. ಬೈದ ಹತ್ತೇ ನಿಮಿಷಕ್ಕೆ ಅದೇ ಮನುಷ್ಯ ಉಲ್ಟಾ ಹೊಡೆದದ್ದು ಒಬ್ಬನ ಕಣ್ಣಿಗೂ ಬೀಳಲಿಲ್ಲ. ಹಾಳಾದವರು, ಓದುವುದು ಹೆಸರನ್ನು ಮಾತ್ರ.

ಚಿಕ್ಕಬಸವಯ್ಯ ಹಲ್ಲು ಕಿರಿಯುತ್ತಾ ಬಂದ. "ಯಾರು ಆಕಿದ್ದು ಅಂತ ಗೊತ್ತಾಯ್ತು ಬುಡು. ಇನ್ಮ್ಯಾಲೆ ನಿನ್ ತಲೇಲಿ ಬರೋದ್ನೆಲ್ಲ ನನ್ನೆಸ್ರಲ್ಲೇ ಆಕ್ಬುಡು. ಆ ಚಿಕ್ಕಬಸಮ್ಮಂಗೂ ಆಗಾಗ ಉಗೀತಿರು."

"ಚಿಕ್ಕಬಸಮ್ಮ ನಮ್ಮವ್ವ ಕಣ್ರಿ ಯಜಮಾನ್ರೆ. ಬರ್ದೋಳು ನಾನು," ಅಂದಳು.

ಅವನ ಎದುರಿಗೇ ತನ್ನ ಹೆಸರಲ್ಲಿ ಹೊಸ ಅಕೌಂಟ್ ಮಾಡಿ ಟೈಪ್ ಮಾಡಿದಳು. "ಎರಡು ಸಲ ಬಂದ ಮಾತೂ ನನ್ನದೇ. ಯಜಮಾನರ ಹೆಸರಲ್ಲಿ ಹೋದದ್ದು ನನ್ನ ಕೈತಪ್ಪು. ನಾನು ಸುಧಾಮಣಿ, ಹರದನಹಳ್ಳಿ ಚಿಕ್ಕಬಸಮ್ಮನ ಮಗಳು."

ಹೊಗಳಿಕೆ ಅಲ್ಲಿಗೇ ನಿಂತಿತು. ಅವಳ ಗಂಡನ ಲಾರಿ ನಂಬರ್ ಕೂಡ ಹಾಕಿ ಬೈದರು. ಆರ್ಡರ್ ಬಂದಾಗಿನಿಂದ ಯಾವುದಕ್ಕೂ ಒಪ್ಪದ ಎರಡು ಕಡೆಯವರೂ ಒಂದು ವಿಷಯಕ್ಕೆ ಒಪ್ಪಿದರು. "ಆ ಯೆಂಗ್ಸು ಇರೋಗಂಟ ನಿನ್ ಅಂಗ್ಡಿ ಮೆಟ್ಲು ಅತ್ತಲ್ಲ ಕಣ್ಲಾ ಶಿವಮೂರ್ತಿ," ಅಂತ ಚಿಕ್ಕಬಸವಯ್ಯ ನನಗೆ ಹೇಳಿ ಹೋದ. ಒಂದು ವಾರ ಕುರ್ಚಿಗಳೆಲ್ಲ ಖಾಲಿ.

ಅವಳು ಬರೆದದ್ದು ಸರಿ ಅಂತ ನನಗೆ ಗೊತ್ತಿತ್ತು. ಆದರೂ ಸೋಮವಾರದಿಂದ ಬರಬೇಡಮ್ಮ ಅಂದೆ.

"ನಾನ್ ಬರ್ದಿದ್ದನ್ನ ನೀವೂ ಓದಿದ್ರಲ್ಲ ಅಣ್ಣ," ಅಂದಳು. ಟಿಫನ್ ಬಾಕ್ಸ್ ಎತ್ತಿಕೊಂಡು ಹೋದಳು.

ಬುಧವಾರ ಚಿಕ್ಕಬಸವಯ್ಯ ಬಂದು ಕುರ್ಚಿ ಎಳೆದುಕೊಂಡ. ಟೈಪ್ ಮಾಡುವವರು ಯಾರೂ ಇರಲಿಲ್ಲ, ಹಳೆಯ ಪಾಸ್‌ವರ್ಡೂ ಅವಳ ಜೊತೆಗೇ ಹೋಗಿತ್ತು. ಅವನಿಗೆ ಹೊಸ ಅಕೌಂಟ್ ಮಾಡಿಕೊಟ್ಟು ನಾನೇ ಕೂತೆ.

"ಬರ್ಕೊಳ್ಲಾ. ಸುಧಾಮಣಿ ಅನ್ನೋ ಬೇವಾರ್ಸಿಗೆ..."

ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಹೊಡೆದೆ. ಅವನು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡಲಿಲ್ಲ.