ಕರಿ ಡಬ್ಬಕ್ಕೆ ಹಾಕಿದ ಫೋಟೊ

ಎರಡು ವರ್ಷದ ಹಿಂದಿನ ಮಾತು. ದಸರಾ ಗಲಾಟೆ ಮುಗಿದು ನಮ್ಮ ಶ್ರೀರಂಗಪಟ್ಟಣ ಮತ್ತೆ ತನ್ನ ಪಾಡಿಗೆ ತಾನಿದ್ದ ಸಮಯ. ಆಗ ನನ್ನನ್ನು ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೆ ಹಾಕಿದರು. ನಾನು ಹೊಲಿಗೆ ಟೀಚರು. ಒಂದು ಸಂಸ್ಥೆಯ ಪರವಾಗಿ ಊರೂರಿಗೆ ಹೋಗಿ ಹೆಣ್ಣುಮಕ್ಕಳಿಗೆ ಬ್ಲೌಸು, ಚೂಡಿದಾರ ಕತ್ತರಿಸಿ ಹೊಲಿಯುವುದನ್ನು ಕಲಿಸುತ್ತೇನೆ. ಮೂರು ತಿಂಗಳು ಒಂದೂರು, ಮತ್ತೆ ಮೂರು ತಿಂಗಳು ಇನ್ನೊಂದೂರು. ಬಸ್ಸಿಳಿದು ಕ್ಲಾಸಿನವರೆಗೆ ನಡೆಯುವ ದಾರಿಯಲ್ಲಿ ಜನರ ಗೇಟುಗಳನ್ನು ನೋಡುತ್ತಾ ಹೋಗುವುದು ನನ್ನ ಅಭ್ಯಾಸ.

ಆ ಅಭ್ಯಾಸಕ್ಕೆ ಹುಚ್ಚು ಹಿಡಿದದ್ದು ಪಾಂಡವಪುರದಲ್ಲಿ. ಅಲ್ಲಿ ಒಂದು ಮನೆಯವರು ಹಳೆಯ ಹೊಲಿಗೆ ಮಿಷನ್ನಿನ ಮರದ ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ, ಗೇಟಿಗೆ ಮೊಳೆ ಹೊಡೆದು, ಕಾಗದದ ಡಬ್ಬ ಮಾಡಿಕೊಂಡಿದ್ದರು. ಹೊಲಿಗೆಯವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಒಂದು ಫೋಟೊ ತೆಗೆದೆ. ಆಮೇಲೆ ಹೋದಲ್ಲೆಲ್ಲ ಅದೇ ಕೆಲಸವಾಯಿತು. ಪಾಲಹಳ್ಳಿಯಲ್ಲಿ ಎಣ್ಣೆ ಕ್ಯಾನಿನ ಹೊಟ್ಟೆ ಸೀಳಿ ಮಾಡಿದ ಡಬ್ಬ, ನಾಗಮಂಗಲದಲ್ಲಿ ಒಡೆದ ಹೆಲ್ಮೆಟ್ಟು, ನಮ್ಮೂರಿನ ಕೋಟೆ ಹತ್ತಿರ ಹಾಡು ನಿಲ್ಲಿಸಿದ ರೇಡಿಯೋ ಪೆಟ್ಟಿಗೆ. ಎಲ್ಲವನ್ನೂ ಫೋನಿನಲ್ಲಿ ಹಿಡಿದು ಸ್ಟೇಟಸ್ ಹಾಕುತ್ತಿದ್ದೆ. ನಮ್ಮ ಯಜಮಾನರಿಗೆ ನಗು. "ಊರವರ ಡಬ್ಬ ಎಲ್ಲ ನೋಡ್ಕೊಂಡು ಬರ್ತೀಯ, ನಮ್ಮ ಗೇಟಿನ ಡಬ್ಬಕ್ಕೆ ಮುಚ್ಚಳ ಇಲ್ಲ" ಎಂದು ಹಂಗಿಸುತ್ತಿದ್ದರು. ಅದೂ ನಿಜವೇ.

ಅಕ್ಕಿಹೆಬ್ಬಾಳಿಗೆ ಹೋದ ಮೊದಲ ದಿನವೇ ನನಗೆ ಹಬ್ಬ ಸಿಕ್ಕಿತು. ರೈಲು ಸ್ಟೇಷನ್ನಿಂದ ಕ್ಲಾಸಿಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಗೇಟಿಗೆ ಒಂದಲ್ಲ, ಎರಡು ಡಬ್ಬ. ಒಂದು ಭತ್ತ ಅಳೆಯುವ ಹಳೆಯ ಕೊಳಗ. ಅದಕ್ಕೆ ಹಳದಿ ಬಣ್ಣ ಹೊಡೆದು, ಸೈಕಲ್ ಟೈರಿನ ತುಂಡಿನಿಂದ ಮುಚ್ಚಳ ಕೂರಿಸಿದ್ದರು. ಇನ್ನೊಂದು ಗೇಟಿನ ಆಚೆ ಕಂಬಕ್ಕೆ ಕಟ್ಟಿದ ತಗಡಿನ ಪೆಟ್ಟಿಗೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಕೂರಿಸುವಂಥದ್ದು. ಅದಕ್ಕೆ ಪೂರಾ ಕರಿ ಬಣ್ಣ. ಗೇಟಿನ ಒಳಗೆ ಇಬ್ಬರು ವಯಸ್ಸಾದವರು ಯಾವುದೋ ಮಾತಿಗೆ ಜೋರಾಗಿ ನಗುತ್ತಾ ನಿಂತಿದ್ದರು. ಹಿರಿಯರ ಕೈ ಹಳದಿ ಕೊಳಗದ ಮೇಲಿತ್ತು. ಕಿರಿಯರ ಕೈ ಹಿರಿಯರ ಹೆಗಲ ಮೇಲಿತ್ತು. ರಸ್ತೆಯ ಈಚೆಯಿಂದಲೇ ಫೋಟೊ ತೆಗೆದು ನಡೆದೆ. ಅವರು ನನ್ನನ್ನು ನೋಡಲಿಲ್ಲ.

ಆ ಮನೆಯ ಸೊಸೆ ಲತಾ ನನ್ನ ಕ್ಲಾಸಿಗೇ ಸೇರಿದಳು. ಅವಳಿಂದ ಗೊತ್ತಾಯಿತು, ಹಿರಿಯರು ಅವಳ ಮಾವ ಬೋರೇಗೌಡರು, ಕಿರಿಯರು ಪಕ್ಕದ ಮನೆಯಲ್ಲೇ ಇರುವ ಅವರ ತಮ್ಮ ಚನ್ನೇಗೌಡರು. ನಾಲೆ ನೀರಿನ ಸರದಿಗೆ ಅಣ್ಣತಮ್ಮಂದಿರು ಬಹಳ ಕಾಲ ಮಾತು ಬಿಟ್ಟಿದ್ದರಂತೆ. ಆಗಷ್ಟೇ ರಾಜಿಯಾಗಿ ಮತ್ತೆ ಒಂದೇ ಜಗಲಿಯಲ್ಲಿ ಕಾಫಿ ಕುಡಿಯಲು ಶುರುಮಾಡಿದ್ದರು.

ಬೋರೇಗೌಡರ ಪರಿಚಯವೂ ಆಯಿತು. ಸಂಜೆ ರೈಲಿಗೆ ಹೋಗುವಾಗ ಗೇಟಿನಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಕೊಳಗದ ಕಥೆ ಹೇಳುವಾಗ ಅವರಿಗೆ ಹೆಮ್ಮೆ. ಮನೆಯ ನಾಯಿಗೆ ಹೆದರಿ ಪೋಸ್ಟಿನವರು ಕಾಗದಗಳನ್ನು ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದರಂತೆ, ಅದಕ್ಕೆ ತಾವೇ ಕೂತು ಮಾಡಿದ್ದಂತೆ. "ನಮ್ಮಪ್ಪ ಭತ್ತ ಅಳೀತಿದ್ದ ಕೊಳಗ ಕಣವ್ವ, ಈಗ ಮದ್ವೆ ಕಾಗ್ದ ಅಳೀತದೆ" ಎಂದು ನಕ್ಕರು. "ಆ ಕರಿ ಡಬ್ಬ ಯಾತಕ್ಕೆ ಗೌಡ್ರೇ?" ಎಂದು ಕೇಳಿದೆ. ಅವರು ಒಳಗೆ ನೋಡಿದರು. ಹೆಂಡತಿ ಸಣ್ಣಮ್ಮ ತುಳಸಿಗೆ ದೀಪ ಹಚ್ಚುತ್ತಿದ್ದರು. "ಅದ್ರ ಸುದ್ದಿ ಬುಡವ್ವ, ದೀಪ ಅಚ್ಚೋ ವತ್ನಲ್ಲಿ" ಅಂದರು. ನನಗೂ ರೈಲಿನ ಅವಸರ. ಇನ್ನೊಂದು ದಿನ ಕೇಳಿದರಾಯಿತು ಎಂದು ಹೊರಟೆ. ಆ ಇನ್ನೊಂದು ದಿನ ಬರಲೇ ಇಲ್ಲ.

ಸಂಕ್ರಾಂತಿ ಕಳೆದು ನನ್ನ ಕ್ಲಾಸು ಮುಗಿಯುತ್ತಾ ಬಂತು. ಒಂದು ದಿನ ಫೋನು ತಿರುವುವಾಗ ಆ ಮೊದಲ ದಿನದ ಫೋಟೊ ಕಣ್ಣಿಗೆ ಬಿತ್ತು. ಬೋರೇಗೌಡರ ನಗು ಎಷ್ಟು ಚೆನ್ನಾಗಿತ್ತೆಂದರೆ, ಇದನ್ನು ದೊಡ್ಡದು ಮಾಡಿಸಿ ಕೊಟ್ಟು ಅವರನ್ನು ಆಶ್ಚರ್ಯಪಡಿಸಬೇಕು ಅನ್ನಿಸಿತು. ಲತಾಗೂ ಹೇಳಲಿಲ್ಲ. ನಮ್ಮೂರ ಸ್ಟುಡಿಯೋದಲ್ಲಿ ಕೊಟ್ಟಾಗ, ಮುಖ ದೊಡ್ಡದಾಗಿ ಬರಬೇಕಾದರೆ ಪಕ್ಕದವರನ್ನು ತೆಗೆಯಬೇಕು ಎಂದರು. ತೆಗೆಯಿರಿ ಅಂದೆ. ಕತ್ತರಿಸುವುದು ನನಗೆ ಹೊಸದೇ? ಚನ್ನೇಗೌಡರು ಹೋದರು, ಅಣ್ಣನ ಹೆಗಲ ಮೇಲಿನ ಕೈ ಮಾತ್ರ ಉಳಿಯಿತು. ಅದನ್ನೂ ಅಳಿಸಬಹುದು, ಸ್ವಲ್ಪ ಹೊತ್ತಾಗುತ್ತದೆ ಎಂದರು. ಕಾಯುವುದು ನನ್ನ ಜಾಯಮಾನವಲ್ಲ. ಇರಲಿ ಬಿಡಿ ಎಂದು ಲ್ಯಾಮಿನೇಷನ್ ಮಾಡಿಸಿ ತಂದೆ.

ಕೊನೆಯ ದಿನ ಲತಾ ಕ್ಲಾಸಿಗೆ ಬಂದಿರಲಿಲ್ಲ. ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದರು. ಗೇಟಿಗೆ ಬೀಗ, ಒಳಗೆ ನಾಯಿ. ಪಕ್ಕದ ಮನೆಯಲ್ಲೂ ಯಾರೂ ಕಾಣಲಿಲ್ಲ. ಕಾದರೆ ಯಾರಾದರೂ ಬರುತ್ತಿದ್ದರೋ ಏನೋ, ಆದರೆ ನನಗೆ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಹಳದಿ ಕೊಳಗದ ಬಾಯಿಗೆ ಫೋಟೊ ಹಿಡಿಸಲಿಲ್ಲ. ಮಡಚಿದರೆ ಮುಖ ಹಾಳಾಗುತ್ತದೆ. ಕರಿ ಪೆಟ್ಟಿಗೆ ಅಗಲವಾಗಿತ್ತು, ಬಾಗಿಲೂ ಇತ್ತು. ಅದರೊಳಗೆ ಜೋಪಾನವಾಗಿ ನಿಲ್ಲಿಸಿ, ಬಾಗಿಲು ಮುಚ್ಚಿ ಓಡಿದೆ. ಅದರ ಮೇಲೆ ಹೆಸರನ್ನೂ ಬರೆಯಲಿಲ್ಲ. ನೋಡಿದ ಕೂಡಲೇ ಟೀಚರಮ್ಮನ ಕೆಲಸ ಎಂದು ಗೊತ್ತಾಗಿ ಫೋನು ಮಾಡುತ್ತಾರೆ ಅಂದುಕೊಂಡು ಖುಷಿಯಲ್ಲಿ ರೈಲಿನಲ್ಲಿ ಕೂತೆ. ಆ ರೈಲು ಮುಂದಿನ ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆ ಎಷ್ಟೋ ಹೊತ್ತು ನಿಂತಿತು.

ಫೋನು ಬರಲಿಲ್ಲ. ಹದಿನೈದು ದಿನ ಕಳೆದಿರಬಹುದು, ಲತಾ ಫೋನು ಮಾಡಿದಳು. ಕೇಳಿದ್ದು ಕಂಕುಳ ಅಳತೆಯ ವಿಷಯ, ಆದರೆ ಧ್ವನಿ ಸರಿಯಿರಲಿಲ್ಲ. ಏನಾಯಿತು ಎಂದಾಗ ಅತ್ತಳು. "ಯಾರೋ ನಮ್ ಮಾವನ್ ಪೋಟವ ಕರಿ ಡಬ್ಬುಕ್ಕೆ ಹಾಕ್ಬುಟ್ಟವ್ರೆ ಟೀಚರಮ್ಮ" ಅಂದಳು. ಹಾಕಿದರೆ ಏನಾಯಿತು ಎಂದೆ. ಆಗ ಅವಳು ಹೇಳಿದಳು. ಆ ಡಬ್ಬ ತಿಥಿ ಕಾರ್ಡಿಗೆ.

ಸತ್ತವರ ಫೋಟೊ ಹಾಕಿದ ತಿಥಿ ಕಾರ್ಡನ್ನು ನಮ್ಮ ಕಡೆ ಯಾರೂ ಹೊಸಿಲು ದಾಟಿಸುವುದಿಲ್ಲ. ಹೊರಗೇ ನಿಂತು ಓದಿ, ಹರಿದು ಹಾಕುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಆದರೆ ಅದಕ್ಕೆಂದೇ ಬೇರೆ ಡಬ್ಬ ಇಟ್ಟವರನ್ನು ನಾನು ಕಂಡಿರಲಿಲ್ಲ. ಮದುವೆ ಕಾಗದಕ್ಕೆ ತಿಥಿ ಕಾಗದದ ಮೈಲಿಗೆ ತಾಗಬಾರದೆಂದು ಸಣ್ಣಮ್ಮನೇ ಹಟ ಹಿಡಿದು ಅದನ್ನು ಗೇಟಿನ ಆಚೆ ಕಟ್ಟಿಸಿದ್ದರಂತೆ. ಮದುವೆಯಿಂದ ಬಂದ ಆಕೆ ಆ ಡಬ್ಬ ತೆಗೆದು ನೋಡಿದರೆ, ಎದುರಿಗೆ ಗಂಡನ ಫೋಟೊ. ಬದುಕಿರುವ ಗಂಡನದ್ದು.

ಮನೆಯವರು ಫೋಟೊ ತಿರುಗಿಸಿ ಮುರುಗಿಸಿ ನೋಡಿದರು. ಹೆಗಲ ಮೇಲಿನ ಕೈಯ ಉಂಗುರ ಚನ್ನೇಗೌಡರದ್ದು. ಅಂದರೆ ಫೋಟೊದಲ್ಲಿ ಅವರೂ ಇದ್ದರು. ತಮ್ಮ ಮುಖವನ್ನು ಕತ್ತರಿಸಿ ತೆಗೆದು, ಅಣ್ಣನೊಬ್ಬನನ್ನೇ ಉಳಿಸಿ, ತಿಥಿ ಡಬ್ಬಕ್ಕೆ ಹಾಕುವವರು ಇನ್ಯಾರು? ನೀರಿನ ಹಳೆಯ ಜಗಳ ಹೇಗೂ ಇತ್ತು. ಸಣ್ಣಮ್ಮ ಪಕ್ಕದ ಮನೆ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿದರಂತೆ. ಬೀದಿಯೆಲ್ಲ ನೋಡಿತಂತೆ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ, ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದಳು ಲತಾ.

ಅದು ನಾನು ಹಾಕಿದ್ದು ಎಂದು ಫೋನಿನಲ್ಲೇ ಹೇಳಿದೆ. ಮಾರನೆಯ ದಿನ ಬೆಳಿಗ್ಗೆಯೇ ಅಕ್ಕಿಹೆಬ್ಬಾಳಿಗೆ ಹೋದೆ.

ಬೋರೇಗೌಡರು ಜಗಲಿಯಲ್ಲಿ ಕೂತಿದ್ದರು. ನಾನು ಪೂರಾ ಫೋಟೊ ಫೋನಿನಲ್ಲಿ ತೋರಿಸಿ, ನಡೆದದ್ದೆಲ್ಲ ಹೇಳಿ, ಕೈ ಮುಗಿದೆ. ಅವರು ಬಯ್ಯಲಿಲ್ಲ. ಸುಡಲು ಹೆಂಡತಿ ಕೊಟ್ಟಿದ್ದ ಫೋಟೊವನ್ನು ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿ ಇಟ್ಟಿದ್ದೇನೆ, ಚೆನ್ನಾಗಿ ಬಂದಿದೆ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಪಕ್ಕದ ಮನೆಯ ಕಡೆ ನೋಡಿದರು. ಸಣ್ಣಮ್ಮ ಮಾತ್ರ ಫೋನಿನ ಕಡೆ ಕಣ್ಣೆತ್ತಲಿಲ್ಲ. "ನೀನು ಗೊತ್ತಿಲ್ದೆ ಹಾಕ್ದೆ ಕಣವ್ವ, ನಿಂದು ತಪ್ಪಿಲ್ಲ. ಆದ್ರೆ ನಾನು ಕಂಡಿದ್ದು ಕಂಡ್ಬುಟ್ನಲ್ಲ" ಅಂದರು. ಕಾಫಿ ಕೊಟ್ಟರು. ಅವರು ಕೊಟ್ಟಿದ್ದಕ್ಕೆ ನನಗೆ ಇನ್ನೂ ಸಂಕಟವಾಯಿತು.

ಚನ್ನೇಗೌಡರ ಮನೆಗೂ ಹೋದೆ. ಅವರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು, ಫೋಟೊ ನೋಡಿದರು. ಅಣ್ಣತಮ್ಮ ಇಬ್ಬರೂ ಬಾಯ್ತುಂಬ ನಗುತ್ತಿದ್ದ ಫೋಟೊ. ಇದನ್ನು ಪೂರಾ ದೊಡ್ಡದು ಮಾಡಿಸಿ ಎರಡು ಮನೆಗೂ ತಂದುಕೊಡುತ್ತೇನೆ ಎಂದೆ. ಅವರು ಫೋನು ವಾಪಸ್ ಕೊಟ್ಟರು.

"ಬ್ಯಾಡ ಬುಡವ್ವ. ಅತ್ಗೆ ಅಂದದ್ದ ನಾನು ಮನಸ್ಗೆ ಅಚ್ಕಂಡಿಲ್ಲ, ಎಂಗುಸ್ರು, ಎದ್ರಿದ್ಲು. ಅಣ್ಣ ಪಕ್ಕದಾಗೇ ಇದ್ದ. ನನ್ ತಮ್ಮ ಅಂತೋನಲ್ಲ ಅಂತ ಒಂದ್ ಮಾತು ಅನ್ನಿಲ್ಲ. ಸುಮ್ಕೆ ನಿಂತಿದ್ದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಇದ್ದ ಮಾತಿನಿಂದಲೂ ಒಡೆಯುತ್ತದೆ ಎನ್ನುವುದನ್ನು ನಾನು ಅವತ್ತು ಕಂಡೆ. ಬೋರೇಗೌಡರು ಆಮೇಲೆ ಲತಾ ಗಂಡನನ್ನು ಎರಡು ಮೂರು ಸಲ ತಮ್ಮನ ಹತ್ತಿರ ಕಳಿಸಿದರಂತೆ. ತಾವೇ ಹೋಗಲು ಅವರಿಗೆ ಮುಖವಿರಲಿಲ್ಲ. ಹಬ್ಬದ ಊಟ ಆ ಕಡೆಯಿಂದ ಈ ಕಡೆ ಬರಲಿಲ್ಲ, ಈ ಕಡೆಯಿಂದ ಆ ಕಡೆ ಹೋಗಲಿಲ್ಲ.

ಹೋದ ಶ್ರಾವಣದಲ್ಲಿ ನಮ್ಮ ಮುಚ್ಚಳವಿಲ್ಲದ ಡಬ್ಬದಲ್ಲಿ ಒಂದು ಕಾರ್ಡು ಬಂದು ಬಿದ್ದಿತ್ತು. ಮಳೆಗೆ ಅಂಚು ನೆನೆದಿತ್ತು. ತೆಗೆದು ನೋಡಿದರೆ ಬೋರೇಗೌಡರು ನಗುತ್ತಿದ್ದಾರೆ. ನಾನು ತೆಗೆದ ಫೋಟೊ, ನಾನು ಕತ್ತರಿಸಿದ ಫೋಟೊ. ಯಜಮಾನರು ಬಾಗಿಲಿನಿಂದಲೇ "ತಿಥಿ ಕಾರ್ಡಾ? ಅಲ್ಲೇ ಹರಿದುಹಾಕಿ ಬಾ" ಅಂದರು. ಹರಿಯಲು ನನಗೆ ಕೈ ಬರಲಿಲ್ಲ. ಬ್ಯಾಗಿನೊಳಗೆ ಇಟ್ಟುಕೊಂಡೆ.

ತಿಥಿಗೆ ಹೋದೆ. ಶಾಮಿಯಾನದ ಕೆಳಗೆ ಅದೇ ಫೋಟೊ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಬಣ್ಣ ತಿದ್ದಿದ್ದರು, ಹಿಂದಿನ ಗೇಟು ತೆಗೆದು ನೀಲಿ ಆಕಾಶ ಹಾಕಿದ್ದರು. ಆದರೆ ಹೆಗಲ ಮೇಲಿನ ಕೈ ಹಾಗೇ ಇತ್ತು. ಸಣ್ಣಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದೇ ಪೋಟ ಕಣವ್ವ ಅವರ್ದು ನಗೋದು. ಕೊಟ್ಗೇಲಿತ್ತು. ಅವ್ರಿದ್ದಾಗ ನಾನು ನೋಡ್ನಿಲ್ಲ, ಭಯಕ್ಕೆ. ಈಗ ನೋಡ್ತಾ ಕುಂತಿವ್ನಿ" ಅಂದರು. ಆಮೇಲೆ ಫೋಟೊ ಕಡೆ ಬೆರಳು ತೋರಿಸಿದರು. "ಕಾರ್ಡ್ ಮಾಡೋ ಪ್ರೆಸ್‌ನೋರು ಆ ಕೈಯ ತಗೀತೀವಿ ಅಂದ್ರು. ಬ್ಯಾಡಿ ಅಂದೆ. ಅವ್ರ ತಮ್ಮನ್ದು, ಇರ್ಲಿ ಅಂದೆ."

ಚನ್ನೇಗೌಡರು ಚಟ್ಟಕ್ಕೆ ಹೆಗಲು ಕೊಟ್ಟಿದ್ದರಂತೆ. ತಿಥಿಯ ದಿನ ಶಾಮಿಯಾನದ ಕೊನೆಯಲ್ಲಿ ಒಬ್ಬರೇ ಕೂತಿದ್ದರು, ಊಟಕ್ಕೆ ಏಳಲಿಲ್ಲ. ನಾನು ಹೊರಡುವಾಗ ಗೇಟಿನವರೆಗೆ ಬಂದರು. ಕೇಳಿದರು: "ಅವ್ವ, ಆ ಪೂರಾ ಪೋಟ, ಇಬ್ರೂ ಇರೋದು, ನಿನ್ ತಾವ ಅದಾ?"

ಇರಲಿಲ್ಲ. ಆ ಫೋನು ಯುಗಾದಿ ಹೊತ್ತಿಗೇ ಕೆಟ್ಟು, ಅದರಲ್ಲಿದ್ದ ಡಬ್ಬಗಳೆಲ್ಲ ಅದರ ಜೊತೆಗೇ ಹೋಗಿದ್ದವು. ಅವರು ಬೇಡ ಅಂದ ಮೇಲೆ ನಾನೂ ಅದನ್ನು ದೊಡ್ಡದು ಮಾಡಿಸಿರಲಿಲ್ಲ. ಹುಡುಕಿ ನೋಡುತ್ತೇನೆ ಎಂದು ಹೇಳಿ, ಊರಿಗೆ ಬಂದು ಸ್ಟುಡಿಯೋದಲ್ಲಿ ಕೇಳಿದೆ, ಅವರ ಹತ್ತಿರವೂ ಕತ್ತರಿಸಿದ್ದು ಮಾತ್ರ ಉಳಿದಿತ್ತು. ಫೋನು ರಿಪೇರಿಯವರಿಗೆ ತೋರಿಸಿದೆ, ಆಗಲ್ಲ ಅಂದರು. ಎಲ್ಲೂ ಸಿಗಲಿಲ್ಲ ಎಂದು ಚನ್ನೇಗೌಡರಿಗೆ ಫೋನು ಮಾಡಿ ಹೇಳಿದಾಗ ಅವರು "ಓಗ್ಲಿ ಬುಡು" ಅಂದರು. ಅವರ ಆ ಮಾತು ಈಗಲೂ ಕಿವಿಯಲ್ಲಿದೆ.

ಈಗಲೂ ದಾರಿಯಲ್ಲಿ ಚೆಂದದ ಡಬ್ಬ ಕಂಡರೆ ನಿಲ್ಲುತ್ತೇನೆ. ಫೋನು ಮಾತ್ರ ಹೊರಗೆ ತೆಗೆಯುವುದಿಲ್ಲ. ಮನೆಯವರು ಕಂಡರೆ ಅದರೊಳಗೆ ಏನು ಹಾಕುತ್ತೀರಿ ಎಂದು ಕೇಳುತ್ತೇನೆ, ಅವರು ಹೇಳಿ ಮುಗಿಸುವವರೆಗೂ ನಿಲ್ಲುತ್ತೇನೆ. ಬಸ್ಸು ಹೋದರೆ ಹೋಗಲಿ. ಕರಿ ಡಬ್ಬಕ್ಕೆ ಫೋಟೊ ಹಾಕಿ ಓಡಿದ ದಿನವೂ ಅಕ್ಕಿಹೆಬ್ಬಾಳಿನಿಂದ ನನಗೆ ಸಂಜೆಗೆ ಇನ್ನೊಂದು ರೈಲಿತ್ತು.