ತಮ್ಮನ ಸೈಕಲ್ಲಿನ ಗೇರ್ ಸರಿಮಾಡಿದ ದಿನ

ತಮ್ಮನ ಹೆಂಡತಿ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು, ಅವನಿಗೆ ಕೇಳಬಾರದೆಂದು.

"ಅತ್ತಿಗೆ, ಆ ಸೈಕಲನ್ನು ನೀವು ಕೊಂಡುಹೋಗಿ. ಇಲ್ಲಿದ್ದರೆ ಇವರು ಒಂದು ದಿನ ಪುನಃ ಹತ್ತುತ್ತಾರೆ. ನನಗೆ ಹೆದರಿಕೆ ಆಗ್ತದೆ."

ತಮ್ಮನ ಕಣ್ಣು ಹೋಗುತ್ತಿತ್ತು. ಹುಟ್ಟಿನಿಂದಲೇ ಬಂದ ಕಾಯಿಲೆ. ಚಿಕ್ಕವನಿದ್ದಾಗ ಮಬ್ಬುಗತ್ತಲಾದರೆ ಸಾಕು, ಅವನಿಗೆ ಏನೂ ಕಾಣುತ್ತಿರಲಿಲ್ಲ. ದೊಡ್ಡವನಾದ ಮೇಲೆ ಹಗಲಿನ ನೋಟವೂ ಅಂಚಿನಿಂದ ಕಪ್ಪಾಗುತ್ತಾ ಬಂತು. ಪೈಪಿನೊಳಗಿಂದ ನೋಡಿದ ಹಾಗೆ, ಎನ್ನುತ್ತಿದ್ದ. ಮಂಗಳೂರಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದರು. ಆದರೂ ಅವನು ಭಾನುವಾರ ಬೆಳಿಗ್ಗೆ ತನ್ನ ಹಳೆಯ ಮೌಂಟನ್ ಬೈಕ್ ಹತ್ತಿ ಪೆರ್ಲದಿಂದ ಶಿರಿಯದವರೆಗೆ ಹೋಗಿ, ಹೊಳೆ ನೋಡಿ ಬರುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಒಮ್ಮೆ ಇಳಿಜಾರಿನಲ್ಲಿ, ರಸ್ತೆ ಬದಿ ನಿಂತಿದ್ದ ಸ್ಕೂಟರ್ ಕಾಣದೆ ಅದಕ್ಕೆ ಗುದ್ದಿ ಬಲಮಗ್ಗುಲಿಗೆ ಬಿದ್ದ. ಭುಜದ ಎಲುಬು ಮುರಿಯಿತು. ಆಮೇಲೆ ಸೈಕಲ್ ಕೊಟ್ಟಿಗೆ ಸೇರಿತು.

ಪೇಟೆಯ ಆಚೆ ಬದಿಯಲ್ಲಿರುವ ನನ್ನ ಮನೆಯಿಂದ ನಾನು ನಡೆದೇ ಹೋದೆ. ಅವನು ಅಂಗಳದಲ್ಲಿ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಪಕ್ಕದಲ್ಲಿ ಮಣೆ ಹಾಕಿ ಕುಳಿತಿದ್ದ.

"ಅವಳು ನಿನಗೆ ಫೋನ್ ಮಾಡಿದ್ದು ಗೊತ್ತುಂಟು. ಕೊಂಡುಹೋಗು ಅಕ್ಕ. ಆದರೆ ಹೀಗೇ ಕೊಡುವುದಿಲ್ಲ. ಇದನ್ನು ಕೇಳು."

ಒಂದು ಕೈಯಿಂದ ಪೆಡಲ್ ತಿರುಗಿಸುತ್ತಾ ಇನ್ನೊಂದು ಕೈಯಿಂದ ಗೇರ್ ಬದಲಿಸಿದ. ಚೈನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಏರಿದ್ದೇ ತಡ, ಟಕಟಕ ಎಂದು ಏನೋ ಬಡಿಯತೊಡಗಿತು.

"ಡಿರೇಲರ್ ಚಕ್ರದ ಕಡ್ಡಿಗೆ ತಾಗ್ತದೆ. ಒಳಗೆ ವಾಲಿದೆಯಾ ನೋಡು."

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಆ ಸಲಕರಣೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕನ್ನಡಕ ಏರಿಸಿ ಬಗ್ಗಿದೆ. ಹೌದು, ಅದರ ಕೆಳತುದಿ ಚಕ್ರದ ಕಡೆಗೆ ವಾಲಿತ್ತು.

"ಬಿದ್ದಾಗ ಫ್ರೇಮಿನಲ್ಲಿ ಅದು ಕೂರುವ ಕಿವಿಯೇ ಬಗ್ಗಿದೆ. ಸ್ಟೀಲ್ ಅಲ್ಲವಾ, ಸರಿ ಮಾಡಬಹುದು."

ಅವನು ಹೇಳಿದಂತೆ ನಾನು ಡಿರೇಲರ್ ಬಿಚ್ಚಿದೆ. ಕೊಟ್ಟಿಗೆಯಲ್ಲಿದ್ದ ಹಳೆಯ ಚಕ್ರವೊಂದನ್ನು ತಂದು, ಅದರ ಅಚ್ಚಿನ ತುದಿಯನ್ನು ಕಿವಿಯ ಖಾಲಿ ತೂತಿಗೆ ತಿರುಗಿಸಿ ಕೂರಿಸಿದೆವು. ಈಗ ಸೈಕಲ್ಲಿನ ಚಕ್ರದ ಪಕ್ಕದಲ್ಲೇ ಇನ್ನೊಂದು ಚಕ್ರ ನಿಂತಿತು. ಕಿವಿ ನೆಟ್ಟಗಿದ್ದರೆ ಎರಡರ ನಡುವಿನ ಎಡೆ ಸುತ್ತಲೂ ಒಂದೇ ಸಮ ಇರಬೇಕು. ಅವನು ಅದನ್ನು ಬೆರಳಿನಲ್ಲಿ ಅಳೆದ. ಒಂದು ಕಡೆ ನಾಲ್ಕು ಬೆರಳು ಹಿಡಿಸಿದರೆ ಇನ್ನೊಂದು ಕಡೆ ಎರಡೇ.

"ನೀನು ಆ ಚಕ್ರ ಹಿಡಿದು ಎಳೆ. ನನ್ನ ಭುಜದಲ್ಲಿ ಬಲ ಇಲ್ಲ. ಮೆಲ್ಲ, ಮೆಲ್ಲ ಮಾರಾಯ್ತಿ! ಮುರಿದರೆ ಆಯಿತು ಕತೆ."

ಅವನು ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಎಡೆ ಸುತ್ತಲೂ ಸಮವಾದ ಮೇಲೆ ಡಿರೇಲರ್ ಪುನಃ ಕೂರಿಸಿದಾಗ ಕಡ್ಡಿಗೆ ತಾಗುವುದು ನಿಂತಿತ್ತು. ಆದರೆ ದೊಡ್ಡ ಗೇರಿನಲ್ಲಿ ಈಗ ಕರಕರ ಸದ್ದು. ಏರು ಹತ್ತಲು ಸುಲಭವಾಗಲೆಂದು ಅವನು ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿಸಿದ್ದ. ಡಿರೇಲರಿನ ಮೇಲಿನ ಪುಟ್ಟ ಗಾಲಿ ಅದರ ಹಲ್ಲಿಗೆ ಉಜ್ಜುತ್ತಿತ್ತು.

"ಹಿಂಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಉಂಟು. ನಾನು ಪೆಡಲ್ ತಿರುಗಿಸ್ತೇನೆ, ನೀನು ಅದನ್ನು ಬಿಗಿ ಮಾಡುತ್ತಾ ಹೋಗು."

ಅವನು ತಲೆ ಓರೆ ಮಾಡಿ ಕಣ್ಣು ಮುಚ್ಚಿಕೊಂಡ. ನಾನು ಸ್ಕ್ರೂ ತಿರುಗಿಸಿದಂತೆಲ್ಲ ಗಾಲಿ ಹಲ್ಲಿನಿಂದ ಕೂದಲೆಳೆಯಷ್ಟು ದೂರ ಸರಿಯುತ್ತಿತ್ತು, ಸದ್ದು ತೆಳುವಾಗುತ್ತಿತ್ತು. ನನಗೆ ನಿಂತೇಹೋಯಿತು ಎನಿಸಿದಾಗಲೂ ಅವನು, "ಇಲ್ಲ, ಇನ್ನೂ ಸ್ವಲ್ಪ" ಎಂದ. ಮತ್ತೊಮ್ಮೆ ತಿರುಗಿಸಿದೆ.

"ಹಾಂ. ಸಾಕು."

ಸೈಕಲನ್ನು ನೇರ ನಿಲ್ಲಿಸಿ, ಎಣ್ಣೆಯ ಕೈಯಲ್ಲೇ ಹ್ಯಾಂಡಲ್ ಹಿಡಿದುಕೊಂಡು ನಿಂತ.

"ಅಕ್ಕ, ಅಂಗಳದಲ್ಲೇ ಒಂದು ಸುತ್ತು. ನೀನು ಪಕ್ಕದಲ್ಲೇ ಬಾ."

"ಬೇಡ," ಎಂದೆ.

ಅವನು ವಾದಿಸುತ್ತಾನೆ, ಕೋಪ ಮಾಡುತ್ತಾನೆ ಎಂದು ಕಾದೆ. ಅವನು "ಆಯಿತು" ಎಂದಷ್ಟೇ ಹೇಳಿ ಹ್ಯಾಂಡಲನ್ನು ನನ್ನ ಕಡೆ ನೂಕಿದ. ನಲವತ್ತು ದಾಟಿದ ಗಂಡಸು ಅಷ್ಟು ಬೇಗ ಒಪ್ಪಿಕೊಂಡದ್ದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಈಗಲೂ ಕೂತಿದೆ.

ಚಾ ಕುಡಿದು ಹೊರಡುವಾಗ ಬೆಳಕು ಇಳಿದಿತ್ತು. ಅವನು ಅಂಗಳದ ತುದಿವರೆಗೆ ಬಂದ. ಅಲ್ಲಿಂದ ರಸ್ತೆಗೆ ನಾಲ್ಕಾರು ಕೆಂಪುಕಲ್ಲಿನ ಮೆಟ್ಟಿಲು. ಅವನು ಮಾತಾಡುತ್ತಲೇ ಇದ್ದ: ಮಳೆಗಾಲದಲ್ಲಿ ಚೈನಿಗೆ ಎಣ್ಣೆ ಹಾಕು, ಹೊರಗೆ ನಿಲ್ಲಿಸಬೇಡ. ನಾನು ಕೇಳುತ್ತಾ ಸೈಕಲನ್ನು ಎತ್ತಿಕೊಂಡು ಮೆಟ್ಟಿಲಿಳಿದು, ರಸ್ತೆ ಬದಿಯ ಗೋಡೆಗೆ ಒರಗಿಸಿ, ತಿರುಗಿ ನೋಡಿದೆ.

ಅವನು ನಾನು ಮೊದಲು ನಿಂತಿದ್ದ ಜಾಗದ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದ.

"ಏರಿನಲ್ಲಿ ಆ ದೊಡ್ಡ ಗೇರಿಗೆ ಹಾಕು, ಹೆದರಬೇಡ. ಈಗ ಎಲ್ಲಿಯೂ ತಾಗುವುದಿಲ್ಲ. ಕೇಳ್ತಾ ಉಂಟಾ?"

ಕೆಳಗಿನಿಂದ ಉತ್ತರ ಕೊಟ್ಟರೆ, ಖಾಲಿ ಜಾಗದ ಜೊತೆ ಮಾತಾಡುತ್ತಿದ್ದದ್ದು ಅವನಿಗೆ ತಿಳಿದುಹೋಗುತ್ತಿತ್ತು. ಚಪ್ಪಲಿ ಬಿಟ್ಟು, ಸದ್ದಾಗದಂತೆ ಮೆಟ್ಟಿಲು ಹತ್ತಿ, ಅವನು ನೋಡುತ್ತಿದ್ದ ಜಾಗಕ್ಕೇ ಹೋಗಿ ನಿಂತೆ.

"ಹೂಂ," ಎಂದೆ. "ಕೇಳ್ತಾ ಉಂಟು."