ಸೆರಗಿಗೆ ಬಿದ್ದ ಜೋಳ

ಹೋದ ತಿಂಗಳು ಸಿಂಧನೂರಿನಲ್ಲಿ ರೈತ ಮಹಿಳೆಯರಿಗೆ ಒಂದು ತರಬೇತಿ ಇತ್ತು. ಕಂಪನಿಯ ನಿರ್ದೇಶಕಿಯಾಗುವುದು ಹೇಗೆ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದಿದ್ದರು. ಕರೆದವರ ತಪ್ಪಿಲ್ಲ. ನಾನು ಹೇಗೆ ಆದೆನೆಂದು ಅವರಿಗೆ ಗೊತ್ತಿರಲಿಲ್ಲ.

ನಮ್ಮದು ಮಸ್ಕಿಯಲ್ಲಿ ಅಂಗಡಿ, ಹೊಲ ಎರಡೂ ಇರುವ ಮನೆ. ಮೂರು ವರ್ಷದ ಹಿಂದೆ ನಮ್ಮ ಸುತ್ತಿನ ತೊಗರಿ, ಜೋಳ ಬೆಳೆಯುವವರೆಲ್ಲ ಸೇರಿ ರೈತರ ಕಂಪನಿಯೊಂದನ್ನು ಕಟ್ಟಿದರು. ಹತ್ತು ಜನ ನಿರ್ದೇಶಕರು, ಅದರಲ್ಲಿ ಒಂದು ಕುರ್ಚಿ ಹೆಣ್ಣುಮಗಳಿಗೆ. ಆ ಕುರ್ಚಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಸಂತೆಕಲ್ಲೂರಿನ ಒಬ್ಬಾಕೆ, ಎರಡು ಎಕರೆ ಒಣಭೂಮಿ, ಉಳಿದ ದಿನ ಕೂಲಿ. ಪಾಮನಕಲ್ಲೂರಿನವರೆಗೂ ಟಂಟಂ ಆಟೋ ಹತ್ತಿ, ಟಂಟಂ ಸಿಗದಾಗ ನಡೆದು, ಮನೆ ಮನೆ ತಿರುಗಿ ಸದಸ್ಯರನ್ನು ಮಾಡಿದವಳು ಅವಳೇ. ನನ್ನನ್ನು ಸದಸ್ಯೆ ಮಾಡಿದವಳೂ ಅವಳೇ. ನಮ್ಮ ಕಟ್ಟೆಯ ಮೇಲೆ ಕೂತು, ಫಾರಂ ತುಂಬಿಸಿಕೊಂಡು, ಒಂದು ತಂಬಿಗೆ ನೀರು ಕುಡಿದು ಹೋಗಿದ್ದಳು. ಒಳಗೆ ಬಾ ಎಂದು ನಾನು ಕರೆದಿರಲಿಲ್ಲ.

ನನಗೇಕೆ ಆ ಕುರ್ಚಿ ಬೇಕಾಯಿತು? ಇಪ್ಪತ್ತೈದು ವರ್ಷ ನಾನು ಊರಿಗೆಲ್ಲ ಅಂಗಡಿಯವರ ಮನೆಯಾಕೆ, ಅಷ್ಟೇ. ಡಿಗ್ರಿ ಓದಿದ್ದೆ. ಓದಿದ್ದೆಲ್ಲ ಹಪ್ಪಳ ಲಟ್ಟಿಸುವುದರಲ್ಲೇ ಮುಗಿಯಿತಲ್ಲ ಎಂಬ ಸಿಟ್ಟು ಹೊಟ್ಟೆಯಲ್ಲಿತ್ತು. ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ತೀರಿಸಿಕೊಳ್ಳಲು ನನಗೆ ಸಿಕ್ಕವಳು ಅವಳು.

ಅವಳೆದುರು ಚುನಾವಣೆಗೆ ನಿಂತರೆ ನನಗೆ ಹತ್ತು ಮತವೂ ಬೀಳುತ್ತಿರಲಿಲ್ಲ. ಹಾಗಾಗಿ ಒಂದು ಮುಂಜಾನೆ ಕಾರನ್ನು ಊರ ಹೊರಗೇ ನಿಲ್ಲಿಸಿ ಅವಳ ಮನೆಗೆ ನಡೆದು ಹೋದೆ. ಅಂಗಳದಲ್ಲಿ ಕೂತು ಜೋಳ ಕೇರುತ್ತಿದ್ದಳು. “ಅಯ್ಯ, ಅಕ್ಕಾರು ಬಂದಾರ!” ಎಂದು ಎದ್ದು ಚಾಪೆ ತರಲು ಓಡಿದಳು. ನಾನು ಕೂರಲಿಲ್ಲ. ನಿಂತಲ್ಲೇ ಸೆರಗು ಒಡ್ಡಿದೆ.

ಸೆರಗೊಡ್ಡಿ ಬೇಡಿದ ಹೆಣ್ಣನ್ನು ನಮ್ಮ ಕಡೆ ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಮಗುವಿನ ಜೀವ ಉಳಿಸಿ ಎಂದು, ಗಂಡನನ್ನು ಬಿಡಿಸಿ ಎಂದು, ದಿಕ್ಕಿಲ್ಲದವರು ಉಳ್ಳವರ ಮುಂದೆ ಒಡ್ಡುವ ಸೆರಗು ಅದು. ನಾನು ಅದನ್ನು ಉಲ್ಟಾ ಮಾಡಿದೆ. ಗೊತ್ತಿಲ್ಲದೆ ಅಲ್ಲ, ಮನೆಯಲ್ಲಿ ಕನ್ನಡಿ ಮುಂದೆ ಒಮ್ಮೆ ಒಡ್ಡಿ ನೋಡಿಕೊಂಡೇ ಹೋಗಿದ್ದೆ.

“ಆ ಕುರ್ಚಿ ನನಗ ಬಿಟ್ಟುಕೊಡು ತಂಗಿ,” ಎಂದೆ. ಅವಳನ್ನು ತಂಗಿ ಎಂದು ಕರೆದದ್ದು ಅದೇ ಮೊದಲು.

ಅವಳ ಮುಖ ಸಣ್ಣದಾಯಿತು. ತಂದ ಚಾಪೆಯನ್ನು ಗೋಡೆಗೆ ಒರಗಿಸಿದಳು.

“ನಾ ಭಾಳ ಆಸೆ ಮಾಡಿದ್ನಿರಿ ಅಕ್ಕಾರ,” ಎಂದಳು. “ಆದ್ರ ನೀವ ಮನಿತನಕ ಬಂದು ಸೆರಗ ಒಡ್ಡಿದ ಮ್ಯಾಲ ಹ್ಯಾಂಗ ಒಲ್ಲೆ ಅನ್ಲಿ?”

ಮೊರದಿಂದ ಒಂದು ಬೊಗಸೆ ಜೋಳ ತೆಗೆದು ನನ್ನ ಸೆರಗಿಗೆ ಹಾಕಿದಳು. ಅಲ್ಲಿಗೆ ಮಾತು ಕೊಟ್ಟಂತೆ. ಅವಳು ನಾಮಪತ್ರ ಹಾಕಲಿಲ್ಲ. ನಾನು ಅವಿರೋಧವಾಗಿ ಆಯ್ಕೆಯಾದೆ. ಲಿಂಗಸುಗೂರಿನಲ್ಲಿ ಶಾಲು ಹೊದಿಸಿ ಫೋಟೋ ತೆಗೆದರು. ಕುರ್ಚಿ ಇವತ್ತಿಗೂ ನನ್ನದೇ.

ಆ ಜೋಳ? ಕಾರಿನ ಹತ್ತಿರ ಬಂದಾಗ, ಸೀಟು ಹೊಲಸಾದೀತೆಂದು, ರಸ್ತೆ ಬದಿಗೆ ಸೆರಗು ಝಾಡಿಸಿ ಹತ್ತಿದ್ದೆ.

ಸಿಂಧನೂರಿನಲ್ಲಿ ವೇದಿಕೆ ಹತ್ತಿದಾಗ ಮೂರನೇ ಸಾಲಿನಲ್ಲಿ ಅವಳಿದ್ದಳು. ತನ್ನೂರಿನ ಹನ್ನೆರಡು ಹೆಂಗಸರನ್ನು ಬಸ್ಸು ಹತ್ತಿಸಿಕೊಂಡು ಕರೆತಂದಿದ್ದಳು. ಇವತ್ತಾದರೂ ನಿಜ ಹೇಳಿಬಿಡು ಎಂದಿತು ಮನಸ್ಸು. ಮೈಕು ಕೈಗೆ ಬಂತು. ದುಡಿಮೆ ಬೇಕು, ಜನರ ವಿಶ್ವಾಸ ಬೇಕು, ಬಿಸಿಲೆನ್ನದೆ ಮನೆ ಮನೆ ತಿರುಗಬೇಕು ಎಂದೆ. ಅವಳ ತಿರುಗಾಟವನ್ನೇ ನನ್ನದೆಂಬಂತೆ ಹೇಳಿದೆ. ನಾಚಿಕೆಗೆಟ್ಟವಳು ಎಂದು ಬೇರೆಯವರನ್ನು ಎಷ್ಟು ಸಲ ಬೈದಿದ್ದೇನೋ, ಆ ಮಾತು ನನಗೇ ಸಲ್ಲಬೇಕು. ಮೊದಲು ಚಪ್ಪಾಳೆ ತಟ್ಟಿದವಳು ಅವಳೇ.

ಊಟದ ಸಾಲಿನಲ್ಲಿ ನನ್ನ ಹತ್ತಿರ ಬಂದಳು. ಈಗ ಕೇಳುತ್ತಾಳೆ ಅಂದುಕೊಂಡೆ. ಕೇಳಿಬಿಡಲಿ ಎಂದೂ ಅನ್ನಿಸಿತು.

“ಅಕ್ಕಾರ, ಒಂದು ಮಾತು ಮನಸಿನ್ಯಾಗ ಉಳದೈತ್ರಿ,” ಎಂದಳು ಮೆಲ್ಲಗೆ. “ಆವತ್ತು ನಿಮ್ಮ ಸೆರಗಿಗೆ ಹಾಕಿದ್ನೆಲ್ರಿ, ಆ ಜ್ವಾಳ ಇನ್ನಾ ಹಸನ ಮಾಡಿದ್ದಿಲ್ರಿ. ನೀವು ಹೋದ ಮ್ಯಾಲ ನೋಡ್ತೀನಿ, ಮೊರದಾಗ ಬರೇ ಕಲ್ಲು, ಹಳ್ಳು. ರೊಟ್ಟಿ ತಿನ್ನಾಗ ಹಲ್ಲಿಗೆ ಸಿಕ್ಕುವೇನ್ರಿ?”

ಮೂರು ವರ್ಷ ಅವಳು ನನ್ನ ಹಲ್ಲಿನ ಚಿಂತೆ ಮಾಡಿದ್ದಳು.

“ಇಲ್ಲ ಬಿಡು ತಂಗಿ. ರೊಟ್ಟಿ ಛಲೋ ಆಗಿದ್ವು,” ಎಂದೆ.

“ಹೌದ್ರ್ಯಾ? ಹಂಗಾರ ಚಿಂತಿ ಹೋತು ಬಿಡ್ರಿ,” ಎಂದು ನಕ್ಕು, ತಟ್ಟೆ ಹಿಡಿದುಕೊಂಡು ತನ್ನೂರಿನ ಹೆಂಗಸರ ಕಡೆ ಹೋದಳು.